ಸುಂದರಿಯಕ್ಕನಿಗೆ ಆರೂವರೆ ಅಡಿ ಸಾಲದು

ಅಟ್ಟ ಹತ್ತಿದ ಹೆಂಡತಿ ಕೆಳಗಿರುವ ಗಂಡನನ್ನು ಸುಮ್ಮನೆ ಕೂರಲು ಬಿಟ್ಟ ಉದಾಹರಣೆ ನಮ್ಮ ಕಡೆ ಇಲ್ಲ. ಮೊನ್ನೆ ರತ್ನ ಹಿತ್ತಾಳೆಯ ಉರುಳಿ ಪಾತ್ರೆ ಹುಡುಕಲೆಂದು ಏಣಿ ಏರಿದವಳು, ಅದು ಸಿಗದ ಸಿಟ್ಟಿಗೆ ಒಂದು ಬಿಳಿ ತುಂಡನ್ನು ನನ್ನ ಕಡೆಗೆ ತೂರಿದಳು. ತೂಕವೇ ಇಲ್ಲದ ಆ ವಸ್ತು ಗಾಳಿಯಲ್ಲಿ ದಾರಿ ತಪ್ಪಿ, ಕಾಫಿ ಲೋಟದ ಪಕ್ಕದಲ್ಲಿ ಇಳಿದು, ಎರಡು ಸಲ ಕುಣಿದು ಸುಮ್ಮನಾಯಿತು.

"ಈ ಕಸವನ್ನಾದರೂ ಬಿಸಾಡಬಹುದಾ, ಇದಕ್ಕೂ ಒಂದು ಕಥೆ ಉಂಟಾ?" ಎಂದು ಮೇಲಿನಿಂದ ಕೇಳಿದಳು.

ಉಂಟು. ನಮ್ಮ ಮನೆಯಲ್ಲಿ ಕಥೆ ಇಲ್ಲದ ಕಸವೇ ಇಲ್ಲ, ಅದೇ ರತ್ನಳ ದೂರು. ಅದು ಮೀನಿನ ಪೆಟ್ಟಿಗೆಯ ಥರ್ಮೊಕೋಲ್. ಮೂಸಿ ನೋಡಿದರೆ ಈಗಲೂ ಬೂತಾಯಿಯ ವಾಸನೆ. ಅದರ ಮೇಲಂಚಿನಲ್ಲಿ, ಯಾರೋ ಉಗುರಿನಿಂದ ಕೆರೆದಂತೆ ಒಂದು ಗೀರು. ಆ ಗೀರಿಗಾಗಿ ನಾನು ಜಗಳಗಂಟ ಎಂಬ ಬಿರುದನ್ನು ಪಡೆದಿದ್ದೇನೆ, ಇವತ್ತಿಗೂ ಅದನ್ನು ಹಿಂದಿರುಗಿಸುವ ಯೋಚನೆ ನನಗಿಲ್ಲ.

ಎಲ್ಲಿಂದ ಶುರು ಮಾಡಲಿ? ಕೊಲ್ಲಿಯಿಂದಲೇ ಆಗಲಿ.

ನಾನು ದುಡಿದದ್ದು ಕೊಲ್ಲಿಯ ಒಂದು ನಗರದಲ್ಲಿ, ಟ್ರಾಮ್ ಹಳಿ ಹಾಕುವ ಕೆಲಸದಲ್ಲಿ. ಮೇಸ್ತ್ರಿಯಾಗಿ ಹೋದವನು ಫೋರ್‌ಮನ್ ಆಗಿ ಬಂದೆ. ಊರಿನಲ್ಲಿ ಮಾತ್ರ ಎಲ್ಲರೂ "ಶೀನಣ್ಣ ಅಲ್ಲಿ ರೈಲು ಬಿಡ್ತಿದ್ದರಂತೆ" ಎಂದೇ ಹೇಳುವುದು. ತಿದ್ದಲು ಹೋಗಿಲ್ಲ, ಯಾಕೆಂದರೆ ರೈಲು ಬಿಡುವುದನ್ನು ನನ್ನ ಸ್ವಭಾವದ ವರ್ಣನೆಯಾಗಿಯೂ ಅವರು ಹೇಳಿರಬಹುದು.

ಅಲ್ಲಿ ನಮ್ಮ ಕೆಲಸ ಹೊಸ ದಾರಿಯಲ್ಲ, ಇದ್ದ ದಾರಿಗೆ ಬಾಲ ಕಟ್ಟುವುದು. ನೋಡುವವರಿಗೆ ಸುಲಭ ಅನಿಸುತ್ತದೆ. ಹಳೆಯ ಸೀರೆಗೆ ಹೊಸ ತುಂಡು ಹೊಲಿದ ಹೆಂಗಸರನ್ನು ಕೇಳಿ, ಕಷ್ಟ ಎಲ್ಲಿದೆ ಎಂದು ಅವರು ಹೇಳುತ್ತಾರೆ: ಜೋಡಣೆಯಲ್ಲಿ. ಹಳೆಯ ಹಳಿ ಚಕ್ರ ಉಜ್ಜಿ ಉಜ್ಜಿ ಸವೆದಿರುತ್ತದೆ, ಹೊಸದು ಕೊಬ್ಬಿರುತ್ತದೆ. ಎರಡನ್ನೂ ಮುಖಾಮುಖಿ ನಿಲ್ಲಿಸಿ, ನಡುವಿನ ಸಂದಿಗೆ ಅಚ್ಚು ಕಟ್ಟಿ, ಮೇಲೆ ಮೂಸೆ ಇಟ್ಟು, ಅದರೊಳಗಿನ ಪುಡಿಗೆ ಕಿಡಿ ಕೊಟ್ಟರೆ ಕಬ್ಬಿಣ ಬೆಲ್ಲದ ಪಾಕದ ಹಾಗೆ ಇಳಿಯುತ್ತದೆ. ಆರಿದ ಮೇಲೆ ಉಜ್ಜಿ ಉಜ್ಜಿ, ಬೆರಳು ಎಳೆದರೆ ಎಲ್ಲಿ ಹಳತು ಮುಗಿಯಿತು ಎಲ್ಲಿ ಹೊಸತು ಶುರುವಾಯಿತು ಎಂದು ಗೊತ್ತಾಗಬಾರದು. ಆಮೇಲೆ ಹಳಿಗೆ ರಬ್ಬರಿನ ಅಂಗಿ ತೊಡಿಸುವುದು, ಸದ್ದೂ ಕರೆಂಟೂ ನೆಲಕ್ಕೆ ಇಳಿಯದ ಹಾಗೆ. ಆಮೇಲೆ ಸುತ್ತ ಕಾಂಕ್ರೀಟು. ಅದನ್ನು ಸುರಿಯುವಾಗ ಬಿಸಿಲು ನೋಡಬೇಕು. ಹಳಿ ಮಧ್ಯಾಹ್ನ ಹಿಗ್ಗುತ್ತದೆ, ಸಂಜೆ ಕುಗ್ಗುತ್ತದೆ. ಹಿಗ್ಗಿದ್ದಾಗ ಕಟ್ಟಿಹಾಕಿದರೆ ಆಮೇಲೆ ಸೇಡು ತೀರಿಸಿಕೊಳ್ಳುತ್ತದೆ. ಮನುಷ್ಯರ ಹಾಗೆ.

ಕಡಿಯಾಳಿಯಲ್ಲಿರುವ ನನ್ನ ಭಾವಮೈದುನ, ರತ್ನಳ ತಮ್ಮ, ಉಡುಪಿಯಿಂದ ಮಣಿಪಾಲಕ್ಕೆ ಹೋಗುವಾಗ ವಾಹನಗಳ ನಡುವೆ ಸಿಕ್ಕಿಕೊಂಡಾಗಲೆಲ್ಲ ನನಗೆ ಫೋನು ಮಾಡುತ್ತಾನೆ. "ಭಾವಾ, ನಿಮ್ಮ ಟ್ರಾಮನ್ನು ಇಲ್ಲಿಗೆ ತನ್ನಿ ಮಾರಾಯ್ರೆ. ಅಲ್ಲಿಂದ ಅಲೆವೂರಿಗೊಂದು ಬಾಲ, ಕಾರ್ಕಳಕ್ಕೊಂದು ಬಾಲ!" ನಾನು ಏರಿನ ಲೆಕ್ಕ, ತಿರುವಿನ ಲೆಕ್ಕ ವಿವರಿಸಲು ಶುರು ಮಾಡುತ್ತೇನೆ. ಅಷ್ಟರಲ್ಲಿ ಅವನ ಮುಂದಿನ ಬಸ್ಸು ಕದಲುತ್ತದೆ, ಫೋನು ಕಟ್ಟಾಗುತ್ತದೆ. ಕರಾವಳಿಯಲ್ಲಿ ಟ್ರಾಮ್ ಯೋಜನೆ ಇಷ್ಟರ ಮಟ್ಟಿಗೆ ಮುಂದುವರಿದಿದೆ.

ಇರಲಿ, ಥರ್ಮೊಕೋಲಿಗೆ ಬರುತ್ತೇನೆ. ಬಾಲ ಕಟ್ಟಿ ಮುಗಿದ ಮೇಲೆ ಹೊಸ ಹಳಿಯ ಮೇಲೆ ಮೊದಲು ಹೋಗುವುದು ಟ್ರಾಮ್ ಅಲ್ಲ. ಒಂದು ತಳ್ಳುಗಾಡಿಯ ಮೇಲೆ ಟ್ರಾಮಿನ ಮುಖದಷ್ಟೇ ಅಗಲ, ಅಷ್ಟೇ ಎತ್ತರಕ್ಕೆ ಥರ್ಮೊಕೋಲಿನ ಚೌಕಟ್ಟು ಕಟ್ಟಿ, ನಾವು ನಾಲ್ಕು ಮಂದಿ ಅದನ್ನು ನಿಧಾನವಾಗಿ ತಳ್ಳಿಕೊಂಡು ಹೋಗುತ್ತಿದ್ದೆವು. ದಾರಿಯಲ್ಲಿ ಕಂಬ, ಗೋಡೆ, ಮರದ ಕೊಂಬೆ ಏನು ತಾಗಿದರೂ ಅದರ ಮೈಮೇಲೆ ಗೀರು ಬೀಳುತ್ತದೆ. ಅಳತೆಯನ್ನು ಟ್ರಾಮಿಗಿಂತ ತುಸು ದೊಡ್ಡದಾಗಿ ಇಡಬೇಕು. ನಿಂತ ಗಾಡಿ ಬೇರೆ, ತೂಗಾಡುತ್ತ ಓಡುವ ಗಾಡಿ ಬೇರೆ. ಒಮ್ಮೆ ಒಂದು ಹೊಸ ನಿಲ್ದಾಣದಲ್ಲಿ ಕಟ್ಟೆಯ ಅಂಚಿನ ಕಲ್ಲು ಅದರ ಭುಜಕ್ಕೆ ತಾಗಿತು. ಗುತ್ತಿಗೆಯವರು ಕಾಗದ ತೋರಿಸಿದರು, ನಕ್ಷೆ ತೋರಿಸಿದರು, ಕೊನೆಗೆ ಬಿಸಿಲಿನ ಮೇಲೂ ತಪ್ಪು ಹೊರಿಸಿದರು. ನಮ್ಮ ದೊಡ್ಡ ಸಾಹೇಬ ಗೀರನ್ನು ಬೆರಳಿನಿಂದ ತೋರಿಸಿದ, ಅಷ್ಟೇ. ಇಡೀ ಕಟ್ಟೆಯ ಅಂಚನ್ನು ಉಜ್ಜಿ ಕಿರಿದು ಮಾಡಿದರು.

ಊರಿಗೆ ಬಂದು ನೆಲೆಸಿದ ಮೇಲೆ ನಾನು ಕಲಿತದ್ದು ಯಾರಿಗೂ ಬೇಡವಾಗಿತ್ತು, ಕೇಳುವವರೂ ಇರಲಿಲ್ಲ. ನಮ್ಮ ಮನೆ ಕಾಪುವಿನಿಂದ ಒಳಗೆ, ರೈಲು ಹಳಿಯ ಪೂರ್ವಕ್ಕೆ. ಹಳಿಯ ಆಚೆ ಸಮುದ್ರದ ಕಡೆಯ ಜನ, ಈಚೆ ಗದ್ದೆಯ ಕಡೆಯ ಜನ. ನಡುವೆ ಒಂದು ಗೇಟು. ಪ್ರತಿದಿನ ಬೆಳಿಗ್ಗೆ ಆ ಗೇಟು ದಾಟಿ ನಮ್ಮ ಕಡೆಗೆ ಬರುವವಳು ಸುಂದರಿಯಕ್ಕ. ಕಾಪುವಿನ ಕಡಲಬದಿಯ ಮನೆಯವಳು, ನನಗಿಂತ ಹಿರಿಯಳು. ತಲೆಯ ಮೇಲೆ ಬಟ್ಟೆಯ ಸಿಂಬೆ, ಅದರ ಮೇಲೆ ನೀಲಿ ಟಬ್ಬು, ಅದರೊಳಗೆ ಮೀನೂ ಮಂಜುಗಡ್ಡೆಯೂ, ಅದರ ಮೇಲೊಂದು ಥರ್ಮೊಕೋಲ್ ಪೆಟ್ಟಿಗೆ. ಕೈ ಹಿಡಿಯುವುದಿಲ್ಲ. ಒಂದು ಕೈ ಸೊಂಟದ ಮೇಲೆ, ಇನ್ನೊಂದು ಬೀಸುತ್ತ, ಯಾರದೋ ಮೇಲೆ ದಾವೆ ಹೂಡಲು ಹೊರಟವಳ ಹಾಗೆ ನೇರ ನಡಿಗೆ. ಅವಳ ಗಂಡ ಹೋದ ಮೇಲೆ ಮೂರು ಹೆಣ್ಣುಮಕ್ಕಳ ಮದುವೆ ಆದದ್ದು ಆ ತಲೆಯ ಮೇಲಿನಿಂದ. ಈಗ ಮಕ್ಕಳು ಸಾಕು ಅನ್ನುತ್ತಾರೆ. ಅವಳು ಸಾಕು ಅನ್ನುವುದಿಲ್ಲ. "ಮನೆಯಲ್ಲಿ ಕೂತರೆ ನನ್ನನ್ನು ಅವರು ಹೊರಬೇಕಾಗ್ತದೆ. ಅದಕ್ಕಿಂತ ಬೂತಾಯಿಯನ್ನು ನಾನು ಹೊರುವುದು ಸಲೀಸು."

ಗೇಟನ್ನು ಶಾಶ್ವತವಾಗಿ ಮುಚ್ಚುತ್ತಾರೆ ಎಂಬ ಸುದ್ದಿ ಬಂತು. ರೈಲುಗಳು ಹೆಚ್ಚಾಗಿವೆ, ಸರಿಯೇ. ಕಾರು ಲಾರಿಗಳು ದೂರದ ಮೇಲ್ಸೇತುವೆಯಿಂದ ಸುತ್ತಿ ಹೋಗಲಿ, ನಡೆಯುವವರಿಗೂ ಸ್ಕೂಟರಿನವರಿಗೂ ಹಳಿಯ ಅಡಿಯಲ್ಲಿ ಒಂದು ದಾರಿ ಮಾಡಿಕೊಡುತ್ತೇವೆ ಎಂದರು. ಅದರ ಗುತ್ತಿಗೆ ಹಿಡಿದವರ ಕಡೆಯ ಎಂಜಿನಿಯರು ಪ್ರಶಾಂತ, ಕಾರ್ಕಳದ ಹುಡುಗ, ಒಳ್ಳೆಯವನು. ನಾನು ಹಳಿಯ ಕೆಲಸದವನು ಎಂದು ತಿಳಿದು, ಚಹಾಕ್ಕೆ ಬಂದವನು ನಕ್ಷೆಯನ್ನು ಮೇಜಿನ ಮೇಲೆ ಹರಡಿದ.

"ಎತ್ತರ ಏಳೂಕಾಲು ಅಡಿ ಅಂಕಲ್. ಆರಾಮ ಹೋಗಬಹುದು."

ನಾನು ಕನ್ನಡಕ ಹಾಕಿ ನೋಡಿದೆ. ನಕ್ಷೆಯೆಂದರೆ ನನಗೆ ಪಂಚಾಂಗ ಇದ್ದ ಹಾಗೆ. ಒಮ್ಮೆ ತೆರೆದರೆ ಏನಾದರೊಂದು ದೋಷ ಕಾಣದೆ ಮುಚ್ಚಲು ಮನಸ್ಸಾಗುವುದಿಲ್ಲ. ಏಳೂಕಾಲು ಅಡಿ ಎಂದು ಬರೆದದ್ದು ಆ ದಾರಿಯಾಗುವ ಕಾಂಕ್ರೀಟು ಪೆಟ್ಟಿಗೆಯ ತಳದಿಂದ ಮಾಡಿಗೆ, ಅಂದರೆ ಅದರ ಸೂರಿಗೆ. ಆದರೆ ನಡೆಯುವುದು ಆ ತಳದ ಮೇಲಲ್ಲ. ನೀರು ಒಂದು ಬದಿಗೆ ಹರಿಯುವಂತೆ ಇಳಿಜಾರಾಗಿ ಮೇಲೊಂದು ಕಾಂಕ್ರೀಟು ಹಾಸಬೇಕಲ್ಲ?

"ಅದು ಸೇರಿಸಿದರೆ ಎಷ್ಟು ಉಳಿಯುತ್ತದೆ ಪ್ರಶಾಂತ?"

ಅವನು ಲೆಕ್ಕ ಹಾಕಿದ. ಮತ್ತೊಮ್ಮೆ ಹಾಕಿದ. "ಆರೂವರೆ... ಆದರೂ ಸಾಕಲ್ವಾ ಅಂಕಲ್? ಅಷ್ಟು ಎತ್ತರದ ಜನ ನಮ್ಮ ಕಡೆ ಎಲ್ಲಿದ್ದಾರೆ?"

ಆ ಕ್ಷಣದಲ್ಲಿ ಹೊರಗಿನಿಂದ "ರತ್ನಾ, ಬಂಗುಡೆ ಉಂಟು, ಬೇಕಾ?" ಎಂಬ ಕೂಗು ಕೇಳಿತು. ಅಂಗಳಕ್ಕೆ ಹೊರಟ ಪ್ರಶಾಂತ ಸುಂದರಿಯಕ್ಕನನ್ನು ನೋಡಿದ, ಮೇಲೆ ಟಬ್ಬನ್ನು ನೋಡಿದ, ಅದರ ಮೇಲೆ ಪೆಟ್ಟಿಗೆಯನ್ನು ನೋಡಿದ. ಪಾಪ, ಚಹಾ ಪೂರ್ತಿ ಕುಡಿಯಲಿಲ್ಲ.

ನಾನು ಸುಂದರಿಯಕ್ಕನಿಗೆ ವಿಷಯ ಹೇಳಿದೆ. ಟಬ್ಬು ಇಳಿಸಲು ರತ್ನ ಕೈಕೊಟ್ಟಳು. ಕೂತು, ಬಂಗುಡೆಯ ಕಿವಿರು ಎತ್ತಿ ತೋರಿಸುತ್ತ, ಅವಳು ಎಲ್ಲವನ್ನೂ ಕೇಳಿಸಿಕೊಂಡಳು.

"ಸ್ವಲ್ಪ ಬಗ್ಗಿ ಹೋಗ್ಬೇಕು ಅಂತ ಹೇಳ್ತಾನಾ ಆ ಹುಡುಗ?"

"ಅವನು ಹೇಳುವುದಿಲ್ಲ ಅಕ್ಕ, ನಕ್ಷೆ ಹೇಳ್ತದೆ."

"ಬಗ್ಗಿದರೆ ಮೀನು ಬೀಳ್ತದಲ್ಲ ಶೀನಾ. ಐವತ್ತು ವರ್ಷ ಆಯ್ತು ಇದನ್ನು ಹೊತ್ತು. ದೇವರ ಎದುರು ನಿಂತರೂ ಟಬ್ಬು ಇಳಿಸದೆ ತಲೆ ಬಗ್ಗಿಸಿದವಳಲ್ಲ ನಾನು. ಈಗ ಈ ಸಿಮೆಂಟಿಗೆ ಬಗ್ಗಿಸ್ಬೇಕಾ?"

ಊರಿನವರು ಉಪದೇಶಕ್ಕೆ ಬಂದರು. ಸ್ಕೂಟರು ಕಲಿ ಎಂದರು ಒಬ್ಬರು. ರಿಕ್ಷಾ ಮಾಡು ಎಂದರು ಇನ್ನೊಬ್ಬರು. ಅವಳ ವ್ಯಾಪಾರ ಇರುವುದು ಗದ್ದೆಯಂಚಿನ, ರಿಕ್ಷಾ ಹೋಗದ ಮನೆಗಳಲ್ಲಿ ಎಂಬುದು ಇಬ್ಬರಿಗೂ ಗೊತ್ತಿತ್ತು. ಮೇಲ್ಸೇತುವೆಯಿಂದ ಸುತ್ತಿ ಬಂದರೆ ಬಿಸಿಲೇರಿ ಮೀನು ಮೆತ್ತಗಾಗುತ್ತದೆ, ಮೆತ್ತಗಾದ ಮೀನನ್ನು ನಮ್ಮ ಕಡೆಯ ಹೆಂಗಸರು ಮೂಸುವುದೂ ಇಲ್ಲ. ಅಂದರೆ ನಕ್ಷೆಯಲ್ಲಿ ಕಡಿಮೆ ಬಿದ್ದ ಒಂದು ಗೇಣಿನ ಹಿಂದೆ ಸುಂದರಿಯಕ್ಕನ ಇಡೀ ದಾರಿ ನಿಂತಿತ್ತು. ಕೆಲವರು ನನಗೂ ಹೇಳಿದರು: "ಒಬ್ಬಳು ಮೀನಿನವಳಿಗೆ ಬೇಕಾಗಿ ಸರಕಾರದ ಕೆಲಸ ನಿಲ್ಲಿಸ್ತೀರಾ ಶೀನಣ್ಣ?"

ಇಂಥ ಮಾತು ಕೇಳಿದಾಗ ನನಗೆ ಅಜ್ಜಿ ನೆನಪಾಗುತ್ತಾಳೆ. ನನ್ನ ಅಮ್ಮನ ಅಮ್ಮ, ಅಜೆಕಾರಿನವಳು. ಬೇಸಗೆ ರಜೆಯಲ್ಲಿ ನಾವು ಮಕ್ಕಳು ಅಲ್ಲಿಯೇ. ನನಗೆ ಮಾತು ಬಂದದ್ದೇ ಅವಳ ಬಾಯಿಯಿಂದ. ಶಾಲೆಯಲ್ಲಿ ಕಲಿತದ್ದು ಬರೆಯುವುದನ್ನು ಮಾತ್ರ. ಅವಳ ಬೈಗುಳಗಳಿಗೆ ಕೂಡ ಒಂದು ಲಯ ಇತ್ತು, ಅವನ್ನು ಇಲ್ಲಿ ಬರೆದರೆ ರತ್ನ ಓದಿ ಹರಿದುಹಾಕುತ್ತಾಳೆ. ಗದ್ದೆಗಳ ನಡುವಿನ ಕಿರಿದಾದ ಬದುವಿಗೆ ನಮ್ಮಲ್ಲಿ ಕಟ್ಟಪುಣಿ ಎನ್ನುತ್ತಾರೆ. ಒಬ್ಬರು ಹೋಗುವಷ್ಟೇ ಜಾಗ. ಇಬ್ಬರು ಎದುರಾದರೆ ಒಬ್ಬರು ಕೆಸರಿಗೆ ಇಳಿಯಬೇಕು. ಯಾರು? ತಲೆಯ ಮೇಲೆ ಹೊರೆ ಇಲ್ಲದವರು. ಜಾತಿ, ವಯಸ್ಸು, ಅಂತಸ್ತು ಯಾವುದನ್ನೂ ಆ ಬದು ಕೇಳುತ್ತಿರಲಿಲ್ಲ. ಒಮ್ಮೆ ಅಜ್ಜಿ ಬೈಹುಲ್ಲಿನ ಕಟ್ಟು ಹೊತ್ತು ಬರುವಾಗ ಎದುರಿನಿಂದ ಊರಿನ ಧನಿ ಬಂದರು, ಇಸ್ತ್ರಿ ಮಾಡಿದ ಪಂಚೆ, ಕೈಯಲ್ಲಿ ಕೊಡೆ. ಅಜ್ಜಿಯ ಹಿಂದಿದ್ದ ನಾನು ಅವಳ ಸೆರಗು ಹಿಡಿದುಕೊಂಡೆ. ಧನಿ ಪಂಚೆ ಎತ್ತಿಕಟ್ಟಿ, ಚಪ್ಪಲಿ ಕೈಯಲ್ಲಿ ಹಿಡಿದು, ಗದ್ದೆಗೆ ಇಳಿದು ನಿಂತರು. ಅಜ್ಜಿ ನಿಲ್ಲಲಿಲ್ಲ, ಉಪಕಾರವಾಯಿತು ಎನ್ನಲೂ ಇಲ್ಲ. ಅದು ಉಪಕಾರ ಅಲ್ಲವಲ್ಲ, ದಾರಿಯ ಕ್ರಮ. ಅದೇ ಧನಿಯ ಮನೆಯ ಅಂಗಳದಲ್ಲಿ ಅವಳು ಎಷ್ಟು ದೂರ ನಿಲ್ಲಬೇಕಿತ್ತು ಎಂಬುದು ಬೇರೆ ಮಾತು. ಬದುವಿನ ಮೇಲೆ ಮಾತ್ರ ಹೊರೆ ಹೊತ್ತವಳೇ ರಾಣಿ.

ಹಾಗಾಗಿ ಉಪದೇಶಕ್ಕೆ ಬಂದವರಿಗೆ ನಾನು ಹೇಳಿದೆ: "ನಿಲ್ಲಿಸುವುದಿಲ್ಲ. ಎತ್ತರಿಸುತ್ತೇನೆ."

ಹೇಳುವಾಗ ಬಹಳ ಗತ್ತಿನಿಂದ ಹೇಳಿದೆ. ಮನೆಗೆ ಬಂದ ಮೇಲೆ ಹೇಗೆ ಎಂದು ತಿಳಿಯದೆ ಜಗಲಿಯಲ್ಲಿ ಕೂತೆ. ಅರ್ಜಿ ಕೊಟ್ಟೆವು. "ಪರಿಶೀಲಿಸಲಾಗುವುದು" ಎಂಬ ಉತ್ತರ ಬಂತು, ಅಂದರೆ ಏನೂ ಬರಲಿಲ್ಲ. ಮಣಿಪಾಲದಲ್ಲಿದ್ದ ಅವರ ಕಚೇರಿಗೆ ಹೋಗಿ ಕೂತು ಬಂದೆ. ಅಲ್ಲಿಯ ತಂಪುಗಾಳಿಯಲ್ಲಿ ನನಗೆ ಸಿಕ್ಕಿದ್ದು ನೆಗಡಿ. ಕೊನೆಗೆ ಪ್ರಶಾಂತನೇ ಗುಟ್ಟಾಗಿ ಹೇಳಿದ, ದೊಡ್ಡ ಎಂಜಿನಿಯರರು ಸ್ಥಳ ನೋಡಲು ಬರುತ್ತಾರೆ, ಅವರು ಒಪ್ಪಿದರೆ ಕಾಂಕ್ರೀಟು ಪೆಟ್ಟಿಗೆ ಎರಕ ಹಾಕುವ ಮೊದಲು ನಕ್ಷೆ ಬದಲಿಸಬಹುದು. ಎರಕ ಹಾಕಿದ ಮೇಲೆ ಬ್ರಹ್ಮನಿಂದಲೂ ಆಗುವುದಿಲ್ಲ.

ಆಗ ನೆನಪಾಯಿತು ಕೊಲ್ಲಿಯ ತಳ್ಳುಗಾಡಿ.

ಸಿಮೆಂಟು ಸಾಗಿಸುವ ಒಂದು ಕೈಗಾಡಿ ತಂದೆ. ಸುಂದರಿಯಕ್ಕ ಹಳೆಯ ಮೀನಿನ ಪೆಟ್ಟಿಗೆಗಳನ್ನು ಕೊಟ್ಟಳು. ಕತ್ತರಿಸಿ, ಅಂಟಿಸಿ, ಅವಳದೇ ಆಕಾರದ ಒಂದು ಬೊಂಬೆ ಮಾಡುವುದೆಂದಾಯಿತು. ಅದಕ್ಕೆ ಅವಳ ಅಳತೆ ಬೇಕಲ್ಲ? ಅಂಗಳದಲ್ಲಿ ಅವಳನ್ನು ಟಬ್ಬು ಸಮೇತ ನಿಲ್ಲಿಸಿ, ನಾನು ಸ್ಟೂಲಿನ ಮೇಲೆ ಹತ್ತಿ ಟೇಪು ಹಿಡಿದೆ.

"ಭುಜದ ಅಗಲ ಎಂತಕ್ಕೆ? ರವಿಕೆ ಹೊಲಿಸಿ ಕೊಡ್ತೀಯಾ?" ಎಂದಳು ಅವಳು.

ರತ್ನ ಹೊಸಿಲ ಮೇಲೆ ನಿಂತಿದ್ದಳು. "ನನ್ನನ್ನು ಮದುವೆಯಾಗಿ ಇಷ್ಟು ಕಾಲ ಆಯ್ತು, ಒಂದು ದಿನ ಟೇಪು ಹಿಡಿದದ್ದುಂಟಾ ಇವರು? ಸೀರೆ ತರುವಾಗಲೂ ಅಂದಾಜು."

"ಸೀರೆಗೆ ಎಂತ ಅಳತೆ ಮಾರಾಯ್ತಿ?" ಎಂದು ನಾನು ಸ್ಟೂಲಿನ ಮೇಲಿಂದ ಸಮಜಾಯಿಷಿ ಕೊಟ್ಟೆ. ಅದು ತಪ್ಪು ಉತ್ತರ ಎಂದು ಆ ಮಧ್ಯಾಹ್ನದ ಸಾರಿನ ಉಪ್ಪು ತಿಳಿಸಿತು.

ಆಮೇಲೆ ಅವಳನ್ನು ಅಂಗಳದ ಉದ್ದಕ್ಕೂ ನಡೆಸಿದೆ. ನಡೆಯುವಾಗ ಟಬ್ಬು ಪ್ರತಿ ಹೆಜ್ಜೆಗೂ ತುಸು ಏರಿ ಇಳಿಯುತ್ತದೆ, ಅದಕ್ಕೊಂದು ನಾಲ್ಕು ಬೆರಳು ಸೇರಿಸಿದೆ. "ಯಾಕೆ ಸೇರಿಸಿದ್ದು? ನಾನು ಅಷ್ಟು ಉದ್ದ ಇಲ್ಲ" ಎಂದಳು. "ಇದು ನಿನ್ನ ಗತ್ತಿನ ಲೆಕ್ಕ ಅಕ್ಕ" ಎಂದೆ. ಅದನ್ನು ಅವಳು ತಕರಾರಿಲ್ಲದೆ ಒಪ್ಪಿಕೊಂಡಳು.

ದೊಡ್ಡ ಎಂಜಿನಿಯರರು ಬಂದ ದಿನ, ಮುಂಗಾರಿಗೆ ಮೊದಲಿನ ಒಂದು ಮಳೆ ಹಿಂದಿನ ದಿನವೇ ಬಿದ್ದಿತ್ತು. ನಮ್ಮಲ್ಲಿ ನೆಲದ ಮೇಲೆ ಕೆಂಪು ಮುರಕಲ್ಲು, ಅದರ ಅಡಿಯಲ್ಲಿ ಶೇಡಿ ಮಣ್ಣು. ಒಣಗಿದಾಗ ಗುದ್ದಲಿಗೆ ಬಗ್ಗದು, ನೀರು ಕಂಡರೆ ಬೆಣ್ಣೆ. ಮಣ್ಣು ಪರೀಕ್ಷೆಗೆಂದು ತೋಡಿದ್ದ ಗುಂಡಿಯಿಂದ ಎತ್ತಿ ಹಾಕಿದ್ದ ಶೇಡಿಯೆಲ್ಲ ಬದಿಯಲ್ಲಿ ಪಾಯಸದ ಹಾಗೆ ಹರಡಿಕೊಂಡಿತ್ತು. ಗೇಟಿನ ಹತ್ತಿರದ ದಾರಿಗೆ ಅಡ್ಡವಾಗಿ ನಾವು ಎರಡು ಬಿದಿರು ನೆಟ್ಟು, ಮೇಲೆ ಆರೂವರೆ ಅಡಿಗೆ ಸರಿಯಾಗಿ ಒಂದು ಅಡ್ಡ ಬಿದಿರು ಕಟ್ಟಿದ್ದೆವು.

ನಾನು ಕೈಗಾಡಿ ತಳ್ಳಿದೆ. ಥರ್ಮೊಕೋಲ್ ಸುಂದರಿ ಮುಂದೆ ಹೋದಳು, ಬಿದಿರಿಗೆ ಟಬ್ಬು ತಾಗಿತು, ಕಿರ್ ಎಂದು ಗೀರು ಬಿತ್ತು, ಮೇಲಿನ ತುಂಡು ಕಳಚಿ ಬಿತ್ತು.

ದೊಡ್ಡವರು ನಕ್ಕರು. ಕೆಟ್ಟ ನಗು ಅಲ್ಲ, ಮಕ್ಕಳ ನಾಟಕ ನೋಡಿದವರ ನಗು. "ಚೆನ್ನಾಗಿ ಮಾಡಿದ್ದೀರಿ. ಆದರೆ ನಾವು ಮನುಷ್ಯರಿಗೆ ಎತ್ತರ ಕೊಡುತ್ತೇವೆ, ಸಾಮಾನಿಗಲ್ಲ. ಈ ಕಡೆ ಇಳಿಸಿ, ಕೈಯಲ್ಲಿ ಹಿಡಿದು ದಾಟಿ, ಆ ಕಡೆ ಮತ್ತೆ ಹೊತ್ತರೆ ಆಯಿತಲ್ಲ?"

"ಎತ್ತಿಕೊಡುವವರು ಯಾರು ಸಾರ್?" ಎಂದೆ. ತುಂಬಿದ ಟಬ್ಬನ್ನು ಒಬ್ಬರೇ ತಲೆಗೇರಿಸಲು ಆಗುವುದಿಲ್ಲ, ಇನ್ನೊಂದು ಜೋಡಿ ಕೈ ಬೇಕು. ಹಿಂದೆ ಇಂಥವರಿಗಾಗಿಯೇ ದಾರಿ ಬದಿಯಲ್ಲಿ ಭುಜದೆತ್ತರದ ಕಲ್ಲು ಕಟ್ಟಿಸುತ್ತಿದ್ದರು, ಹೊರೆ ಇಳಿಸಿ ಉಸಿರು ಬಿಟ್ಟು ಮತ್ತೆ ತಲೆ ಕೊಡಲಿಕ್ಕೆ. ರಸ್ತೆ ಅಗಲ ಮಾಡುವಾಗ ಅವೆಲ್ಲ ಹೋದವು. ನಾನು ಇದನ್ನೆಲ್ಲ ವಿವರಿಸಿದೆ. ಅವರು ಕೈಗಡಿಯಾರ ನೋಡಿದರು. "ನೋಡೋಣ" ಎಂದರು. ವರ್ಷಗಟ್ಟಲೆ ಎಂಜಿನಿಯರುಗಳ ಜೊತೆ ಕೆಲಸ ಮಾಡಿದ ನನಗೆ ಆ "ನೋಡೋಣ"ದ ಅರ್ಥ ಗೊತ್ತು. ಸುಂದರಿಯಕ್ಕನ ದಾರಿ ಮುಗಿದಿತ್ತು.

ಅವರು ಕಾರಿನ ಕಡೆಗೆ ಹೊರಟರು. ಗುಂಡಿಗೂ ಪಕ್ಕದ ಮಳೆನೀರಿನ ತೋಡಿಗೂ ನಡುವೆ ಉಳಿದದ್ದು ಒಂದು ಕಿರಿದಾದ ಮಣ್ಣಿನ ಬದು. ಅವರು ಅರ್ಧ ದಾರಿ ಹೋಗಿದ್ದರು, ಎದುರಿನಿಂದ ನಿಜವಾದ ಸುಂದರಿಯಕ್ಕ ಬಂದಳು. ಸಭೆಗೆಂದು ಬಂದದ್ದಲ್ಲ, ಅದು ಅವಳ ವ್ಯಾಪಾರದ ಹೊತ್ತು. ತಲೆಯ ಮೇಲೆ ತುಂಬಿದ ಟಬ್ಬು, ಪೆಟ್ಟಿಗೆ, ಮಂಜಿನ ನೀರು ಕಿವಿಯ ಹಿಂದೆ ಇಳಿಯುತ್ತಿತ್ತು.

ಇಬ್ಬರೂ ನಿಂತರು. ಅವಳು ತಿರುಗುವ ಹಾಗಿಲ್ಲ. ಬದಿಗೆ ಬಾಗುವ ಹಾಗೂ ಇಲ್ಲ. ನೇರ ಮುಂದೆ ನೋಡುತ್ತ ನಿಂತಳು. ಪ್ರಶಾಂತ "ಅಕ್ಕಾ, ಸ್ವಲ್ಪ ಹಿಂದೆ..." ಎಂದು ಶುರು ಮಾಡಿದ, ಮುಗಿಸಲು ಧೈರ್ಯ ಬರಲಿಲ್ಲ. ದೊಡ್ಡ ಎಂಜಿನಿಯರರು ಅವಳ ಮುಖ ನೋಡಿದರು, ತಮ್ಮ ಖಾಲಿ ಕೈಗಳನ್ನು ನೋಡಿಕೊಂಡರು. ಯಾವ ಊರಿನವರೋ, ಯಾವ ಅಜ್ಜಿ ಬೆಳೆಸಿದ ಮೊಮ್ಮಗನೋ ನನಗೆ ಗೊತ್ತಿಲ್ಲ. ಪ್ಯಾಂಟು ಮೇಲೆತ್ತಿ ಶೇಡಿಗೆ ಇಳಿದುಬಿಟ್ಟರು. ಮೊಣಕಾಲಿನವರೆಗೆ ಹೋಯಿತು.

"ಇಲ್ಲಿಂದ ಯಾಕೆ ಬಂದಿರಿ? ಅಲ್ಲಿ ದಾರಿ ಉಂಟಲ್ಲ?" ಎಂದು ಕೆಸರಿನಿಂದಲೇ ಕೇಳಿದರು.

"ಅಲ್ಲಿ ನಿಮ್ಮ ಅಳತೆಯ ಬಿದಿರು ಉಂಟಲ್ವಾ ಸಾರ್, ಟಬ್ಬಿಗೆ ತಾಗ್ತದೆ. ಇದೊಂದು ಸುತ್ತು ಹೆಚ್ಚು. ನಾಳೆ ಗೇಟು ಮುಚ್ಚಿದರೆ ಈ ಸುತ್ತೂ ಇಲ್ಲ." ಹೇಳಿ, ಅವರನ್ನು ದಾಟಿ, ನಡೆದೇ ಹೋದಳು.

ಅವರು ಅಲ್ಲಿಯೇ ನಿಂತು ಅವಳು ಹೋಗುವುದನ್ನು ನೋಡಿದರು. ಕೆಳಗಿನಿಂದ ನೋಡುವಾಗ ಆ ಟಬ್ಬು ಎಷ್ಟು ಎತ್ತರ ಕಂಡಿರಬೇಕು! ಆಮೇಲೆ ಅವರ ಒಂದು ಬೂಟು ಮೇಲೆ ಬಂತು, ಒಂದನ್ನು ಶೇಡಿ ಇಟ್ಟುಕೊಂಡಿತು. ಬರಿಗಾಲಿನಲ್ಲಿ ನಿಂತು ಕೇಳಿದರು: "ಪ್ರಶಾಂತ, ಎಷ್ಟು ಕಡಿಮೆ ಬೀಳುತ್ತದೆ?"

"ಒಂದು ಗೇಣು ಸಾರ್. ಹಳಿಯನ್ನು ಏರಿಸಲು ಆಗುವುದಿಲ್ಲ. ತಳವನ್ನು ಇಳಿಸಬಹುದು. ಆದರೆ ಇಳಿಸಿದರೆ ಮಳೆಗಾಲದಲ್ಲಿ ಒಳಗೆ ನೀರು ನಿಲ್ಲುತ್ತದೆ. ತೋಡಿನ ಕೆಳಭಾಗಕ್ಕೆ ಬೇರೆ ಚರಂಡಿ ತೆಗೆಯಬೇಕು, ಅದಕ್ಕೆ ಜಾಗ ಇಲ್ಲ."

"ಜಾಗ ಎಲ್ಲಿಂದ ಹೋಗಬೇಕು?"

ಪ್ರಶಾಂತ ಮೆಲ್ಲಗೆ ಪಕ್ಕಕ್ಕೆ ಕಣ್ಣು ಹಾಯಿಸಿದ. ಅವನು ನೋಡಿದ ಕಡೆ ಎಲ್ಲರೂ ನೋಡಿದರು. ಅಲ್ಲಿ ನಮ್ಮ ಹಿತ್ತಿಲು, ಹಿತ್ತಿಲಿನ ಸರಿ ಮಧ್ಯದಲ್ಲಿ ನಮ್ಮ ಜೀಗುಜ್ಜೆ ಮರ, ಹೊರಗಿನವರ ದೀವಿಹಲಸು.

ನೀವು ಜೀಗುಜ್ಜೆ ಪೋಡಿ, ಅಂದರೆ ಬಜ್ಜಿ, ತಿಂದವರಾದರೆ ನನ್ನ ಸಂಕಟ ತಿಳಿದೀತು. ತಿನ್ನದವರಿಗೆ ಹೇಳಿ ಪ್ರಯೋಜನವಿಲ್ಲ. ರತ್ನ ಮದುವೆಯಾಗಿ ಬಂದ ವರ್ಷ ಕಡಿಯಾಳಿಯ ತವರಿನಿಂದ ತಂದು ನೆಟ್ಟ ಗಿಡ ಅದು. ನಾನು ಕೊಲ್ಲಿಯಲ್ಲಿದ್ದ ಅಷ್ಟೂ ಕಾಲ ಅವಳಿಗೆ ಜೊತೆಯಾಗಿದ್ದದ್ದು ಅದೇ. ನನ್ನ ಬಗ್ಗೆ ಅವಳು ಅದಕ್ಕೆ ಏನೇನು ದೂರು ಹೇಳಿದ್ದಾಳೋ! ನ್ಯಾಯಕ್ಕಾಗಿ ಊರಿನ ಎದುರು ಎದೆಯುಬ್ಬಿಸಿದ್ದ ನಾನು, ಮರದ ಮಾತು ಬಂದದ್ದೇ, ಚರಂಡಿಯನ್ನು ತುಸು ತಿರುಗಿಸಬಹುದೇ, ಪೈಪು ಹಾಕಬಹುದೇ ಎಂದು ಮೆಲ್ಲಗೆ ಶುರು ಮಾಡಿದೆ. ತಿರುಗಿಸಿದರೆ ಇಳಿಜಾರು ಸಾಲದು ಎಂದು ನನಗೇ ಗೊತ್ತಿತ್ತು.

ರತ್ನ ಬೇಲಿಯ ಬಳಿ ನಿಂತಿದ್ದಳು. ಎಲ್ಲವನ್ನೂ ಕೇಳಿದ್ದಳು.

"ಇವರ ಮಾತು ಬಿಡಿ ಸಾರ್. ಕಡಿಯಿರಿ," ಎಂದಳು. "ಆದರೆ ಒಂದು ಮಾತು. ಮರ ಕಡಿದ ಮೇಲೆ ಆ ಎತ್ತರ ಒಂದು ಬೆರಳು ಕಡಿಮೆಯಾದರೂ ನಾನು ನಿಮ್ಮ ಮಣಿಪಾಲದ ಆಫೀಸಿನ ಎದುರು ಬಂದು ಕೂರ್ತೇನೆ. ಇವರ ಹಾಗೆ ನೆಗಡಿ ಹಿಡಿಸಿಕೊಂಡು ವಾಪಸು ಬರುವವಳಲ್ಲ." ಹೇಳಿ ಒಳಗೆ ಹೋದಳು. ಮರ ಕಡಿದ ದಿನ ಕೊನೆಯ ಕಾಯಿಗಳ ಪೋಡಿ ಮಾಡಿ ಕೆಲಸದವರಿಗೆಲ್ಲ ಹಂಚಿದಳು, ತಾನು ಒಂದನ್ನೂ ಮುಟ್ಟಲಿಲ್ಲ. ನಾನೂ ಮುಟ್ಟಲಿಲ್ಲ ಎಂದು ಬರೆಯುವ ಆಸೆ ಇದೆ, ಆದರೆ ಅವಳು ಇದನ್ನು ಓದುತ್ತಾಳೆ.

ಮಳೆ ಮುಗಿದ ಮೇಲೆ ಕೆಲಸ ಶುರುವಾಯಿತು. ಅಷ್ಟು ದಿನ ನನಗೆ ಮನೆಯಲ್ಲಿ ಊಟ ಮಾತ್ರ, ವಾಸ ಹಳಿಯ ಬದಿಯಲ್ಲಿ, ಮುರಕಲ್ಲಿನ ಕಟ್ಟೆಯ ಮೇಲೆ ಕೊಡೆ ಹಿಡಿದುಕೊಂಡು. ಹಳಿಯನ್ನು ಕಿತ್ತು ಅಡಿಯಲ್ಲಿ ದಾರಿ ಮಾಡುತ್ತಾರೆ ಎಂದು ಊರಿನವರು ಭಾವಿಸಿದ್ದರು. ಹಾಗಲ್ಲ. ದಿಬ್ಬದ ಬದಿಯಲ್ಲಿ ಮೊದಲು ಗಟ್ಟಿ ಹಾಸು ಮಾಡಿ, ಅದಕ್ಕೆ ಗ್ರೀಸು ಬಳಿದು, ಪ್ಲಾಸ್ಟಿಕ್ ಹಾಳೆ ಹೊದಿಸಿ, ಅದರ ಮೇಲೆ ಇಡೀ ಕಾಂಕ್ರೀಟು ಪೆಟ್ಟಿಗೆಯನ್ನು ಎರಕ ಹಾಕಿದರು. ಎರಡೂ ತುದಿ ತೆರೆದ ಒಂದು ದೊಡ್ಡ ಕೋಣೆ. ಅದು ಬಲಿತ ಮೇಲೆ ಹಿಂದಿನಿಂದ ಜಾಕುಗಳನ್ನು ಇಟ್ಟು ದಿಬ್ಬದೊಳಗೆ ತಳ್ಳುವುದು. ಮುಂದಿನ ಅಂಚಿಗೆ ಕಬ್ಬಿಣದ ಬಾಯಿ. ಒಳಗೆ ನಿಂತವರು ಎದುರಿನ ಮಣ್ಣು ಕೆರೆಯುತ್ತಾರೆ, ಹಿಂದಿನವರು ತುಸು ತಳ್ಳುತ್ತಾರೆ, ಮತ್ತೆ ಕೆರೆಯುತ್ತಾರೆ. ಮೇಲೆ ಹಳಿಗಳನ್ನು ಉಕ್ಕಿನ ತೊಲೆಗಳಿಗೆ ಬಿಗಿದಿರುತ್ತಾರೆ. ಗಾಡಿಗಳು ಬಾಣಂತಿಯ ಹಾಗೆ ನಿಧಾನವಾಗಿ ಆ ಜಾಗ ದಾಟುತ್ತವೆ. ಮೇಲೆ ಪ್ರಯಾಣಿಕರು ನಿದ್ದೆ ಹೋಗುತ್ತಿರುವಾಗ ಕೆಳಗೆ ಒಂದು ಮನೆಯೇ ನಡೆದುಕೊಂಡು ಹೋಗುತ್ತಿರುತ್ತದೆ!

ಶೇಡಿ ಸುಮ್ಮನಿರಲಿಲ್ಲ. ಒಂದು ದಿನ ಪೆಟ್ಟಿಗೆಯ ಮೂಗು ಕೆಳಗೆ ಬಾಗಿತು. ಮೂಗು ಬಾಗಿದರೆ ಒಂದು ಬದಿಯಲ್ಲಿ ಎತ್ತರ ಹೋಯಿತೆಂದೇ ಅರ್ಥ. ಪ್ರಶಾಂತ ಬೆವರಿದ. ಮುಂದಿನ ಮೆತ್ತಗಿನ ಮಣ್ಣು ತೆಗೆದು, ಜಲ್ಲಿ ತುಂಬಿ ಗುದ್ದಿ, ಮೂಗನ್ನು ಮತ್ತೆ ಎತ್ತಿ ನಿಲ್ಲಿಸುವವರೆಗೆ ಅವನಿಗೂ ನನಗೂ ಅನ್ನ ಸೇರಲಿಲ್ಲ. ಸುಂದರಿಯಕ್ಕ ಪ್ರತಿದಿನ ಹೋಗುವಾಗ ಒಮ್ಮೆ ನಿಂತು ನೋಡುವಳು. "ಎಂತ ಪ್ರಶಾಂತ, ನಿನ್ನ ಪೆಟ್ಟಿಗೆಗೂ ತಲೆ ಬಗ್ಗಿಸುವ ಅಭ್ಯಾಸ ಉಂಟಾ?" ಎಂದು ಕೇಳಿ ಮುಂದೆ ಹೋಗುವಳು.

ಅಂತೂ ಪೆಟ್ಟಿಗೆ ಆಚೆ ಬದಿಗೆ ಬಾಯಿ ತೆರೆಯಿತು. ತಳಕ್ಕೆ ಕಾಂಕ್ರೀಟು ಬಿತ್ತು, ಬದಿಗೆ ಚರಂಡಿ, ಚರಂಡಿಯ ತುದಿ ನಮ್ಮ ಹಿತ್ತಿಲಿನ ಬಯಲಿನ ಮೂಲಕ ತೋಡಿಗೆ. ರತ್ನ ಒಂದು ಸಂಜೆ ನಾನು ಹೇಳದೆಯೇ ಟೇಪು ಹಿಡಿದು ಒಳಗೆ ಹೋಗಿ ಅಳೆದು ಬಂದಳು. ಮಣಿಪಾಲಕ್ಕೆ ಹೋಗಿ ಕೂರುವ ಮಾತು ಎತ್ತದೆ ಇದ್ದದ್ದರಿಂದ ಸರಿಯಾಗಿದೆ ಎಂದು ತಿಳಿದುಕೊಂಡೆ.

ಉದ್ಘಾಟನೆಯ ದಿನ ಗೇಟಿಗೆ ಬೀಗ ಬಿದ್ದಿತ್ತು. ದಾರಿಯ ಪಶ್ಚಿಮದ ಬಾಯಿಗೆ ಅಡ್ಡವಾಗಿ, ಸೊಂಟದ ಎತ್ತರಕ್ಕೆ, ಕೆಂಪು ರಿಬ್ಬನ್. ಶಾಮಿಯಾನ, ಕುರ್ಚಿಗಳು, ತಟ್ಟೆಯಲ್ಲಿ ಕತ್ತರಿ. ಕತ್ತರಿಸಬೇಕಾದವರು ಕಾರ್ಕಳದಲ್ಲಿ ಇನ್ನೊಂದು ಕಾರ್ಯಕ್ರಮ ಮುಗಿಸಿ ಬರಬೇಕಿತ್ತು. ಬಿಸಿಲು ಏರುತ್ತಿತ್ತು.

ಸುಂದರಿಯಕ್ಕ ಬಂದಳು.

"ಅಕ್ಕಾ, ಒಂದು ಸ್ವಲ್ಪ ನಿಲ್ಲಿ," ಎಂದ ಪ್ರಶಾಂತ, ತಟ್ಟೆ ಹಿಡಿದುಕೊಂಡೇ. "ಸಾಹೇಬರು ಕಾರ್ಕಳದಿಂದ ಹೊರಟಿದ್ದಾರೆ."

"ಅವರು ಈಗ ಹೊರಟದ್ದಾ? ನನ್ನ ಬೂತಾಯಿ ಬೆಳಿಗ್ಗೆಯೇ ಹೊರಟಾಗಿದೆ ಮಗಾ."

ಶಾಮಿಯಾನದೊಳಗಿನಿಂದ ಯಾರೋ, ಹೊಸಬರಿರಬೇಕು, ಹೇಳಿದರು: "ಅರ್ಜೆಂಟಿದ್ದರೆ ರಿಬ್ಬನಿನ ಅಡಿಯಿಂದ ಬಗ್ಗಿ ಹೋಗಲಿ."

ನಮ್ಮ ಊರಿನವರೆಲ್ಲ ಒಮ್ಮೆಲೇ ದನಿ ಬಂದ ಕಡೆ ತಿರುಗಿದರು. ರತ್ನ ಕುರ್ಚಿಯಿಂದ ಎದ್ದು ನಿಂತಳು.

ಸುಂದರಿಯಕ್ಕ ಆ ಕಡೆ ತಿರುಗಿ ನೋಡಲಿಲ್ಲ. ತುಂಬಿದ ಟಬ್ಬಿನ ಕೆಳಗೆ ತಿರುಗುವ ಕುತ್ತಿಗೆ ಅಲ್ಲ ಅದು. ಸೊಂಟದ ಮೇಲೆ ಕೈ ಇಟ್ಟಳು, ನಡೆದಳು. ರಿಬ್ಬನ್ ಅವಳ ಹೊಟ್ಟೆಗೆ ತಾಗಿ, ಬಿಗಿದು, ಒಂದು ಕ್ಷಣ ತಡೆದು, ಎರಡೂ ಬದಿಯ ಗಂಟು ಬಿಚ್ಚಿಕೊಂಡಿತು. ಅವಳು ಒಳಗೆ ಹೋದಳು. ಆಗಲೇ ಮೇಲೆ ರೈಲು ಬಂತು, ಬೆನ್ನಿನ ಮೇಲೆ ಸಾಲಾಗಿ ಲಾರಿಗಳನ್ನು ಹೊತ್ತ ಗಾಡಿ. ನೆಲ ನಡುಗಿತು, ಶಾಮಿಯಾನದ ಕಂಬ ನಡುಗಿತು. ಒಳಗಿನ ನೆರಳಿನಲ್ಲಿ ನೀಲಿ ಟಬ್ಬು ಮಾಡಿನ ಅಡಿಯಲ್ಲಿ, ಎಲ್ಲಿಯೂ ತಾಗದೆ, ಏರುತ್ತ ಇಳಿಯುತ್ತ ಹೋಗುತ್ತಿತ್ತು.

"ಈಗ ಎಂತ ಮಾಡುವುದು ಅಂಕಲ್?" ಎಂದ ಪ್ರಶಾಂತ, ಕತ್ತರಿಯನ್ನು ನೋಡುತ್ತ.

ನಾನು ಏನಾದರೂ ಹೇಳುವ ಮೊದಲೇ ಆಚೆ ಬದಿಯ ಬಿಸಿಲಿನಿಂದ ಅವಳ ದನಿ ಕಾಂಕ್ರೀಟಿನೊಳಗೆ ದೊಡ್ಡದಾಗಿ ತಿರುಗಿ ಬಂತು:

"ಬೂತಾಯೀ... ಬಂಗುಡೇ..."

ಶಾಮಿಯಾನದ ಹೆಂಗಸರೆಲ್ಲ ಎದ್ದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೀನು ಕೊಳ್ಳಲು ಆ ದಾರಿಯಲ್ಲೇ ಹೊರಟರು. ಎಲ್ಲರಿಗಿಂತ ಮುಂದೆ ರತ್ನ.